ಕೊಡುವ ಹಕ್ಕು

ಅಂಗವಿಕಲರಿಗೆ ಕೆಲಸ ಏಕೆ ಕೊಡಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಅವರೂ ಉಣ್ಣಬೇಕಲ್ಲ ಎನ್ನುವುದು ಒಂದು. ಮನೆಯವರಿಗೂ ಸರ್ಕಾರಕ್ಕೂ ಅವರು ಭಾರವಾಗಬಾರದು ಎನ್ನುವುದು ಇನ್ನೊಂದು. ಪ್ರತಿ ವರ್ಷ ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯ ಭಾಷಣಗಳಲ್ಲಿ ಇವೆರಡನ್ನೇ ಕೇಳುತ್ತ ಬಂದಿದ್ದೇನೆ. ಎರಡೂ ನಮ್ಮ ಹೊಟ್ಟೆಯ ವಿಚಾರ ಮಾತಾಡುತ್ತವೆ, ನಮ್ಮ ಧರ್ಮದ ವಿಚಾರಕ್ಕೆ ಬರುವುದಿಲ್ಲ. ಉಣ್ಣುವ ಹಕ್ಕಿನಂತೆ ಉಣಿಸುವ ಹಕ್ಕೂ ಮನುಷ್ಯರಿಗಿದೆ. ಇಸಿದುಕೊಳ್ಳುತ್ತಲೇ ಹುಟ್ಟಿ, ಇಸಿದುಕೊಳ್ಳುತ್ತಲೇ ಸಾಯಬೇಕಾದ ಒಂದು ಗುಂಪನ್ನು ಯಾವ ಧರ್ಮವಾದರೂ ಒಪ್ಪಬಹುದೇ? ನನ್ನ ಬದುಕಿನುದ್ದಕ್ಕೂ ನನ್ನ ಜೊತೆಗೆ ನಡೆದುಬಂದ ಪ್ರಶ್ನೆ ಇದು.

ನಾನು ರೋಣ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲುತನದ ಮನೆಯವಳು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತವು. 1970ರ ದಶಕದಲ್ಲಿ ನಮ್ಮ ಸೀಮೆಯ ಊರೂರಿನಲ್ಲೂ ನನ್ನಂಥ ಮಕ್ಕಳಿದ್ದರು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಆ ರೋಗದ ಗುರುತು ಹೊತ್ತವರಲ್ಲಿ ನಮ್ಮದು ಕಡೆಯ ತಲೆಮಾರುಗಳಲ್ಲೊಂದು. ಊರ ಮಠದ ಜಾತ್ರೆಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಒಮ್ಮೆ ಮಠದ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಕಾಯಿ ಒಡೆಸಲು ಒಳಗೆ ಹೋದ. ಪರವೂರಿನ ಹೆಣ್ಣುಮಗಳೊಬ್ಬಳು ನನ್ನ ಮಡಿಲಿಗೆ ನಾಲ್ಕಾಣೆ ಹಾಕಿ, ಗುಡಿಯ ಕಡೆ ತಿರುಗಿ ಕೈಮುಗಿದು ಹೋದಳು. ಅವಳ ಮುಖದಲ್ಲಿ ನಿಜವಾದ ಮರುಕವಿತ್ತು. ಹೊಸ ಲಂಗ ಉಟ್ಟು, ಎರಡು ಜಡೆಗೂ ಹೂ ಮುಡಿದು ಜಾತ್ರೆ ನೋಡಲು ಬಂದ ಹುಡುಗಿ ಅವಳ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಕಾಲು ಮಾತ್ರ. ಅಪ್ಪ ಏನೂ ಅನ್ನಲಿಲ್ಲ. ಆ ನಾಲ್ಕಾಣೆಯನ್ನು ನನ್ನ ಕೈಯಿಂದಲೇ ಹುಂಡಿಗೆ ಹಾಕಿಸಿದ.

ಆ ತಾಯಿ ಮಾಡಿದ್ದು ಶಾಸ್ತ್ರ ಒಪ್ಪುವ ಕೆಲಸವೇ. ಅದು ಯಾವ ಶಾಸ್ತ್ರ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಬ್ಯಾಂಕಿನ ಕೆಲಸದಲ್ಲಿ ಆಸ್ತಿಯ ಕಾಗದಪತ್ರಗಳ ನಡುವೆ ಕುಳಿತು ಹಿಂದೂ ಉತ್ತರಾಧಿಕಾರದ ಕಾನೂನು ಓದತೊಡಗಿದಾಗ. ಭಾರತದ ಬಹುಭಾಗದಲ್ಲಿ ಆಸ್ತಿ ಹಂಚಿಕೆಗೆ ಆಧಾರವಾಗಿದ್ದ ಗ್ರಂಥ ಮಿತಾಕ್ಷರ. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಆ ವ್ಯಾಖ್ಯಾನದಲ್ಲಿ ಪಿತ್ರಾರ್ಜಿತದಿಂದ ಹೊರಗುಳಿಯುವವರ ಪಟ್ಟಿಯೊಂದಿದೆ. ಕುರುಡರು, ಕುಂಟರು, ಬುದ್ಧಿ ಬೆಳೆಯದವರು, ಚಿತ್ತಭ್ರಮೆಯವರು, ವಾಸಿಯಾಗದ ಕಾಯಿಲೆಯವರು ಅದರಲ್ಲಿದ್ದಾರೆ. ಇವರಿಗೆ ಪಾಲಿಲ್ಲ, ಆದರೆ ಇವರನ್ನು ಸಾಕಬೇಕು. ತೀರ್ಪು ಇಷ್ಟೇ. 1928ರ ಕಾಯಿದೆ ಈ ಪಟ್ಟಿಯ ಬಹುಭಾಗವನ್ನು ಅಳಿಸಿತು. ಉಳಿದದ್ದನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅಳಿಸಿತು.

ಆ ತೀರ್ಪನ್ನು ಬರೀ ಕ್ರೌರ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಸಿದು ಸಾಯಲು ಬಿಡಬಾರದೆಂಬ ಕಟ್ಟಳೆ ಅದರಲ್ಲಿದೆ. ಆದರೆ ಅನ್ನವನ್ನೂ ಪಾಲನ್ನೂ ಅದು ಬೇರೆ ಬೇರೆ ಮಾಡಿಬಿಟ್ಟಿತು. ಪಾಲಿದ್ದವನು ಮನೆಯ ಯಜಮಾನನಾಗುತ್ತಾನೆ, ಮಗಳಿಗೆ ಸೀರೆ ಉಡಿಸುತ್ತಾನೆ, ಬಂದ ಬೀಗರಿಗೆ ಹೋಳಿಗೆ ಮಾಡಿಸುತ್ತಾನೆ, ಜಂಗಮನಿಗೆ ಭಿಕ್ಷೆ ನೀಡುತ್ತಾನೆ. ಅನ್ನ ಮಾತ್ರ ಇದ್ದವನು ಮೂಲೆಯಲ್ಲಿ ಕುಳಿತು ಉಣ್ಣುತ್ತಾನೆ. ಕಾನೂನು ಹೋಗಿ ಎಪ್ಪತ್ತು ವರ್ಷವಾಗುತ್ತ ಬಂದರೂ ಈ ವಿಂಗಡಣೆ ನಮ್ಮ ಮನೆಗಳಿಂದ ಹೋಗಿಲ್ಲ. ಮಾಸಾಶನ ಬರುತ್ತದಲ್ಲ, ಕೆಲಸವೇಕೆ ಎಂದು ಕೇಳುವವರು ತಮಗೆ ತಿಳಿಯದೆಯೇ ಮಿತಾಕ್ಷರವನ್ನೇ ಹೇಳುತ್ತಿರುತ್ತಾರೆ.

ಇದರ ಬೆನ್ನಿಗೆ ಕರ್ಮದ ಮಾತು ನಿಂತಿದೆ. "ಹಿಂದಿನ ಜಲ್ಮದಾಗ ಏನ್ ಮಾಡಿದ್ದಿಯೋ ಏನೋ ಕೂಸ" ಎಂದು ನಮ್ಮಜ್ಜಿ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ ಅಳುತ್ತಿದ್ದಳು. ಅದರಲ್ಲಿ ದ್ವೇಷವಿರಲಿಲ್ಲ, ಅರ್ಥವಾಗದ ದುಃಖಕ್ಕೆ ಅವಳು ಒಂದು ಕಾರಣ ಹುಡುಕುತ್ತಿದ್ದಳು. ಆದರೆ ಕರ್ಮಸಿದ್ಧಾಂತದಲ್ಲಿ ಎರಡು ಭಾಗಗಳಿವೆ. ಇಂದಿನದು ಹಿಂದಿನ ಕ್ರಿಯೆಯ ಫಲ ಎನ್ನುವುದು ಮೊದಲನೆಯದು. ಇಂದಿನ ಕ್ರಿಯೆಯಿಂದ ಮುಂದಿನದನ್ನು ಕಟ್ಟಿಕೊಳ್ಳಬಹುದು ಎನ್ನುವುದು ಎರಡನೆಯದು. ಗೀತೆಯ ಮೂರನೆಯ ಅಧ್ಯಾಯ ಇಡಿಯಾಗಿ ಕರ್ಮ ಮಾಡಬೇಕಾದುದರ ಬಗ್ಗೆಯೇ ಇದೆ. ನನ್ನಂಥವರಿಗೆ ಮಾತ್ರ ಸಮಾಜ ಮೊದಲ ಭಾಗವನ್ನು ಮತ್ತೆ ಮತ್ತೆ ಹೇಳಿ, ಎರಡನೆಯ ಭಾಗದ ಬಾಗಿಲು ಮುಚ್ಚಿತು. ಕ್ರಿಯೆಯಿಂದಲೇ ಬಿಡುಗಡೆ ಎಂದು ಸಾರುತ್ತ, ಕ್ರಿಯೆ ಮಾಡಲು ಎಡೆ ಕೊಡದಿದ್ದರೆ ಅದು ಆ ಸಿದ್ಧಾಂತಕ್ಕೇ ಬಗೆದ ದ್ರೋಹ.

ಇನ್ನೊಂದು ಮಾತು. ನನ್ನ ಕಾಲು ಯಾವುದರ ಫಲವೋ ನನಗೆ ಗೊತ್ತಿಲ್ಲ; ವೈದ್ಯರು ವೈರಸ್ ಎನ್ನುತ್ತಾರೆ, ನಾನು ಅದನ್ನು ನಂಬುತ್ತೇನೆ. ಆದರೆ ನಾನು ಕೆಲಸಕ್ಕೆ ಸೇರಿದ ಬ್ಯಾಂಕ್ ಶಾಖೆಯ ಬಾಗಿಲಲ್ಲಿ ಕೈಹಿಡಿಕೆಯೂ ಇಲ್ಲದೆ ನಿಂತಿದ್ದ ಎತ್ತರದ ಮೆಟ್ಟಿಲುಗಳು ಯಾರ ಪೂರ್ವಜನ್ಮದ ಫಲವೂ ಆಗಿರಲಿಲ್ಲ. ಅವನ್ನು ಗೌಂಡಿ ಕಟ್ಟಿದ್ದ. ಹಾಗೇ ಕಟ್ಟೆಂದು ಯಾರೋ ಹೇಳಿದ್ದರು. ದೇಹದ ಊನ ಒಂದು, ಕಟ್ಟಿದ ಅಡ್ಡಿ ಇನ್ನೊಂದು. ಮೊದಲನೆಯದರ ಮೂಲದ ಬಗ್ಗೆ ಋಷಿಗಳು ವಾದಿಸಲಿ. ಎರಡನೆಯದರ ಹೊಣೆ ಹೊರಬೇಕಾದವರು ಇಲ್ಲೇ, ಈ ಜನ್ಮದಲ್ಲೇ, ಸಿಮೆಂಟು ಮರಳಿನ ಲೆಕ್ಕದ ಸಮೇತ ಸಿಗುತ್ತಾರೆ.

ಮಿತಾಕ್ಷರ ಹುಟ್ಟಿದ ಅದೇ ಕಲ್ಯಾಣದಲ್ಲಿ, 12ನೆಯ ಶತಮಾನ ಮುಗಿಯುವ ಮೊದಲೇ, ಬೇರೊಂದು ಉತ್ತರವೂ ಹುಟ್ಟಿತು ಎನ್ನುವುದು ನನಗೆ ದೊಡ್ಡ ಸಮಾಧಾನ. ಬಸವಣ್ಣ ಮತ್ತು ಶರಣರು ಕಾಯಕವನ್ನೂ ದಾಸೋಹವನ್ನೂ ಒಂದಕ್ಕೊಂದು ಕಟ್ಟಿದರು. ಸ್ವಂತ ಕಾಯಕದಿಂದ ಬಂದದ್ದನ್ನೇ ದಾಸೋಹಕ್ಕೆ ಸಲ್ಲಿಸಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿ ಆಯುವವರ ಮನೆಯದೂ ದಾಸೋಹದ ಮನೆಯೇ. ಕೊಡಲು ಸಿರಿವಂತರಾಗಬೇಕಿಲ್ಲ, ಆದರೆ ತನ್ನದೆಂಬ ಒಂದು ಕಾಯಕ ಬೇಕೇ ಬೇಕು.

ನುಲಿಯ ಚಂದಯ್ಯನ ಕಥೆ ಇನ್ನೂ ಮುಂದೆ ಹೋಗುತ್ತದೆ. ಹುಲ್ಲು ಕೊಯ್ದು ಹಗ್ಗ ಹೊಸೆಯುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವನು ಕಾಯಕ ಬಿಟ್ಟು ಅದನ್ನೆತ್ತಿಕೊಳ್ಳಲಿಲ್ಲ. ಲಿಂಗವೇ ಅವನ ಬೆನ್ನು ಹತ್ತಿ ಬಂತು. ಮಡಿವಾಳ ಮಾಚಯ್ಯ ನಡುವೆ ಬಂದು ಹೇಳಿದ ಮೇಲೆ, ಹಗ್ಗ ಮಾರುವ ಕೆಲಸವನ್ನು ಚಂದಯ್ಯ ಲಿಂಗಕ್ಕೇ ಹಚ್ಚಿದ. ದೇವರಿಗೂ ಕಾಯಕದಿಂದ ವಿನಾಯಿತಿ ಇಲ್ಲ. ಈ ಕಥೆಯನ್ನು ಪುರಾಣ ಪ್ರವಚನದಲ್ಲಿ ಕೇಳಿದಾಗಲೆಲ್ಲ ನನಗೆ ಹೊಳೆಯುವುದು ಅದರ ಇನ್ನೊಂದು ಮಗ್ಗುಲು: ಕಾಯಕವೆನ್ನುವುದು ದೇವರಿಗೂ ಸಲ್ಲುವ ಗೌರವವಾದರೆ, ಅದನ್ನು ಒಬ್ಬ ಹೆಣ್ಣುಮಗಳಿಗೆ ಇಲ್ಲವೆನ್ನುವ ಅಧಿಕಾರ ಯಾರಿಗಿದೆ?

ಅದೇ ಶತಮಾನದಲ್ಲಿ, ಸಾವಿರಾರು ಮೈಲಿ ದೂರದ ಈಜಿಪ್ಟಿನಲ್ಲಿ, ಯಹೂದಿ ಧರ್ಮಗುರು ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ. ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನು ಯಾರೆಂದು ಪಡೆದವನಿಗೆ, ಪಡೆದವನು ಯಾರೆಂದು ಕೊಟ್ಟವನಿಗೆ ತಿಳಿಯದ ಹಾಗೆ ಕೊಡುವುದು ಬಹಳ ಮೇಲಿನದು. ಅದಕ್ಕೂ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಅವನು ಇಟ್ಟದ್ದು ಸಾಲ ಕೊಟ್ಟು, ವ್ಯಾಪಾರದಲ್ಲಿ ಪಾಲು ಕೊಟ್ಟು ಅಥವಾ ಕೆಲಸ ಹುಡುಕಿಕೊಟ್ಟು, ಮತ್ತೊಬ್ಬರ ಮುಂದೆ ಕೈಚಾಚದಂತೆ ಮಾಡುವುದನ್ನು. ನಾನು ಅವನಿಗೆ ತಲೆಬಾಗುತ್ತೇನೆ. ಆದರೂ ಆ ಏಣಿಯನ್ನು ಕಟ್ಟಿರುವುದು ಕೊಡುವವನ ಕಡೆಯಿಂದ. ಕೆಲಸ ಪಡೆದವನು ಮುಂದೆ ಏನಾದ ಎಂದು ಕೇಳಿದರೆ ಶರಣರಲ್ಲಿ ಉತ್ತರ ಸಿಗುತ್ತದೆ: ಅವನು ಮರುದಿನದಿಂದ ತಾನೇ ದಾಸೋಹಿಯಾದ.

ಇದು ಬರೀ ಕಲ್ಪನೆಯಲ್ಲ ಎನ್ನುವುದಕ್ಕೆ ನಮ್ಮ ಗದಗ ಜಿಲ್ಲೆಯೇ ಸಾಕ್ಷಿ. ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಆ ಹುಡುಗನಿಗೆ ಉಣ್ಣಲಿಕ್ಕಿ ಸುಮ್ಮನಾಗಬಹುದಿತ್ತು. ಅವರು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತಿದರು, ನಾಟಕ ಕಂಪನಿ ನಡೆಸಿದರು, ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬುನಾದಿ ಹಾಕಿದರು. ಅವರ ಶಿಷ್ಯರಲ್ಲಿ ಕಣ್ಣಿದ್ದವರೂ ಇದ್ದರು. ಬಸವರಾಜ ರಾಜಗುರುಗಳು ಅವರಲ್ಲೊಬ್ಬರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 2010ರಲ್ಲಿ ಪದ್ಮಭೂಷಣ ಪಡೆದು, ಅದೇ ವರ್ಷ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಆ ಆಶ್ರಮದಲ್ಲಿ ಉಂಡು, ಕಲಿತು, ಸಂಪಾದನೆಗೆ ನಿಂತ ಅಂಧರೂ ಬಡವರೂ ನಾಡಿನ ತುಂಬ ಇದ್ದರು. ಶ್ರಾವಣದಲ್ಲಿ ಯಾವ ಮಠದ ಪುರಾಣಕ್ಕೆ ಹೋದರೂ ಹಾರ್ಮೋನಿಯಂ ಮುಂದೆಯೋ ತಬಲಾದ ಮುಂದೆಯೋ ಗದುಗಿನ ಆಶ್ರಮದವರೊಬ್ಬರು ಕುಳಿತಿರುತ್ತಾರೆ. ಕಣ್ಣಿಲ್ಲದವರು ಕಟ್ಟಿದ ಪಂಕ್ತಿಯಲ್ಲಿ ಕಣ್ಣಿದ್ದವರೂ ಕುಳಿತು ಉಂಡರು.

ಅಷ್ಟಾಗಿಯೂ, ಕಣ್ಣಿಲ್ಲದವರೆಂದರೆ ಸಂಗೀತ, ಇಲ್ಲವೇ ಕುರ್ಚಿಗೆ ಬೆತ್ತ ಹೆಣೆಯುವುದು, ಟೆಲಿಫೋನ್ ಆಪರೇಟರ್ ಕೆಲಸ ಎಂದು ಬಹುಕಾಲ ನಾವೇ ಗೆರೆ ಎಳೆದುಬಿಟ್ಟೆವು. ಯಾವ ದೇಹಕ್ಕೆ ಯಾವ ಕೆಲಸ ಎಂದು ಮೊದಲೇ ಪಟ್ಟಿ ಮಾಡುವ ಅಭ್ಯಾಸವೇ ಜಾತಿಪದ್ಧತಿಯನ್ನೂ ಹುಟ್ಟಿಸಿದ್ದು. ಹುಟ್ಟಿಗೆ ಕಸುಬನ್ನು ಗಂಟುಹಾಕಬಾರದೆಂದು ಹೋರಾಡಿದ ಶರಣರ ವಾರಸುದಾರರು ಊನಕ್ಕೆ ಕಸುಬನ್ನು ಗಂಟುಹಾಕಬಾರದು. 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ದೃಷ್ಟಿ ಇಲ್ಲವೆಂಬ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ನೇಮಕಾತಿಯಿಂದ ಹೊರಗಿಡಕೂಡದೆಂದು ತೀರ್ಪು ಕೊಟ್ಟಿತು. ಸಾಕ್ಷಿ ಕೇಳಿ, ವಾದ ಕೇಳಿ, ತೂಗಿ ನೋಡಿ ತೀರ್ಪು ಕೊಡುವುದಕ್ಕೆ ಬೇಕಾದ ಕಣ್ಣು ಬೇರೆ.

ನನ್ನ ವಿಷಯಕ್ಕೆ ಬಂದರೆ, ನನಗೆ ಕಾಯಕ ಕೊಟ್ಟದ್ದು ಕಾನೂನು. 1995ರ ಅಂಗವಿಕಲರ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ಶೇ 3 ಮೀಸಲಿಟ್ಟಿತು. ಗದುಗಿನಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದವಳು ಬ್ಯಾಂಕ್ ನೇಮಕಾತಿ ಮಂಡಳಿಯ (ಬಿ.ಎಸ್.ಆರ್.ಬಿ.) ಪರೀಕ್ಷೆ ಬರೆದು ಬ್ಯಾಂಕಿಗೆ ಗುಮಾಸ್ತೆಯಾಗಿ ಸೇರಿದೆ. ಕಾಲಿಗೆ ಕ್ಯಾಲಿಪರ್ ಬಿಗಿದು, ಊರುಗೋಲು ಊರಿ ಮೆಟ್ಟಿಲು ಹತ್ತುತ್ತಿದ್ದೆ. ಕ್ಯಾಷ್ ಕೌಂಟರಿನ ಹಲಗೆ ನನಗೆ ಎತ್ತರವಾಗಿತ್ತು. ಒಬ್ಬ ಮ್ಯಾನೇಜರು ಬಡಗಿಯನ್ನು ಕರೆಸಿ ಹಲಗೆ ಇಳಿಸಿದರು, ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಮಾಡಿಸಿದರು. ಖರ್ಚು ಹೆಚ್ಚೇನೂ ಆಗಲಿಲ್ಲ. ಆ ಇಳಿಜಾರಿನ ಮೇಲೆ ಮೊದಲು ಹತ್ತಿಬಂದವರು ಮಾಸಾಶನದ ಹಣ ತೆಗೆಯುವ ಮುದುಕರು, ಕಂಕುಳಲ್ಲಿ ಕೂಸಿದ್ದ ಬಾಣಂತಿಯರು. ನನಗೆಂದು ಮಾಡಿದ್ದು ಊರಿಗೆಲ್ಲ ಆಯಿತು. ಚೀಟಿ ತುಂಬಿಕೊಟ್ಟಾಗ "ನಿನ್ನ ಹೊಟ್ಟಿ ತಣ್ಣಗಿರಲಿ ಯವ್ವಾ" ಎಂದು ಹರಸಿ ಹೋದ ಅಜ್ಜಿಯರೆಷ್ಟೋ. ಅವರಿಗೆ ನನ್ನಿಂದ ಏನೋ ಸಿಕ್ಕಿತ್ತು. ಆ ಹರಕೆ ನಾನು ದುಡಿದು ಗಳಿಸಿದ್ದು.

ಮೊದಲ ಸಂಬಳದಲ್ಲಿ ಒಂದು ಚೀಲ ಬಿಳಿಜೋಳ ಕೊಂಡು ಊರ ಮಠದ ದಾಸೋಹಕ್ಕೆ ಕಳಿಸಿದೆ. ಅಲ್ಲಿಯವರೆಗೆ ನಮ್ಮ ಮನೆಯ ರಸೀದಿಗಳೆಲ್ಲ ಅಪ್ಪನ ಹೆಸರಿನಲ್ಲಿರುತ್ತಿದ್ದವು. ಈ ಸಲ ಅಪ್ಪ ನನ್ನ ಹೆಸರು ಬರೆಸಿಕೊಂಡು ಬಂದ. ಸಂಬಳದ ಹಣ ನನಗೆ ಬಟ್ಟೆ ಕೊಟ್ಟಿತು, ಮೂರು ಗಾಲಿಯ ಸ್ಕೂಟರ್ ಕೊಟ್ಟಿತು. ಧರ್ಮದಲ್ಲಿ ನನ್ನ ಪಾಲು ಕೊಟ್ಟದ್ದು ಆ ರಸೀದಿ.

ನಮ್ಮ ಶಾಖೆಗೆ ಆಮೇಲೆ ಬಂದ ಸಹೋದ್ಯೋಗಿಯೊಬ್ಬರು ಪೂರ್ಣ ಅಂಧರು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ಸಾಲದ ಖಾತೆಗಳನ್ನು ನೋಡಿಕೊಳ್ಳುತ್ತಿದ್ದರು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ಅವರ ತಂತ್ರಾಂಶದ ಹೆಸರು ಎನ್‌ವಿಡಿಎ. ಅಂಥ ತಂತ್ರಾಂಶಗಳಿಗೆ ಅಪಾರ ಬೆಲೆಯಿದ್ದ ಕಾಲದಲ್ಲಿ, 2006ರಲ್ಲಿ, ಆಸ್ಟ್ರೇಲಿಯಾದ ಮೈಕೇಲ್ ಕರ್ರನ್ ಅದನ್ನು ಬರೆಯಲು ತೊಡಗಿದರು. ಗೆಳೆಯ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರೂ ಅಂಧರು. ತಾವು ಮಾಡಿದ್ದನ್ನು ಅವರು ಜಗತ್ತಿಗೆಲ್ಲ ಪುಕ್ಕಟೆ ಕೊಟ್ಟರು. ಅದು ಕನ್ನಡವನ್ನೂ ಓದುತ್ತದೆ. ಬಹುಶಃ ಶರಣರ ಹೆಸರನ್ನೇ ಕೇಳಿರದ ಇಬ್ಬರು ತಮ್ಮ ಕಾಯಕದಿಂದ ನಡೆಸಿದ ದಾಸೋಹದಲ್ಲಿ ಗದಗ ಜಿಲ್ಲೆಯ ಒಬ್ಬ ನೌಕರನ ಮನೆಯ ಒಲೆ ಹೊತ್ತಿತು. ಕೋಟ ಮೂಲದ ಮಾಲತಿ ಹೊಳ್ಳರೂ ಹೀಗೆಯೇ. ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿಯುತ್ತ ಗಾಲಿಕುರ್ಚಿಯ ಮೇಲೆ ದೇಶಕ್ಕೆ ಪದಕ ತಂದವರು ಬೆಂಗಳೂರಿನಲ್ಲಿ ಅಂಗವಿಕಲ ಮಕ್ಕಳಿಗೆ ಆಶ್ರಯ ಕಟ್ಟಿದರು. ಕೆಲಸ ಸಿಕ್ಕವರ ಕೈ ತಾನಾಗಿ ಇನ್ನೊಬ್ಬರ ಕಡೆ ಚಾಚುತ್ತದೆ.

ಇಲ್ಲಿ ಒಂದು ಕಠಿಣ ಪ್ರಶ್ನೆಯಿದೆ, ಅದನ್ನು ದಾಟಿಕೊಂಡು ಹೋಗಲಾರೆ. ಕಾಯಕವೇ ಮನುಷ್ಯರ ಘನತೆಯೆಂದರೆ, ಯಾವ ಕೆಲಸವನ್ನೂ ಮಾಡಲಾಗದವರ ಗತಿಯೇನು? ಈಗ ನಾನಿರುವ ಓಣಿಯಲ್ಲಿ ಇಬ್ಬರಿದ್ದಾರೆ. ಒಬ್ಬ ಬುದ್ಧಿ ಬೆಳವಣಿಗೆ ಕಡಿಮೆಯಿರುವ ಹುಡುಗ. ಹತ್ತರವರೆಗೆ ಎಣಿಸಲು ಬರುವುದಿಲ್ಲವೆಂದು ಯಾರೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಕಡೆಗೆ ಖಡಕ್ ರೊಟ್ಟಿ ಮಾಡಿ ಮಾರುವ ಅಕ್ಕನೊಬ್ಬಳು ಹತ್ತು ಗೂಡಿನ ಕಟ್ಟಿಗೆಯ ಚೌಕಟ್ಟು ಮಾಡಿಸಿದಳು. ಗೂಡಿಗೊಂದು ರೊಟ್ಟಿ, ಹತ್ತೂ ತುಂಬಿದರೆ ಒಂದು ಕಟ್ಟು. ಎಣಿಕೆ ಚೌಕಟ್ಟಿನದು, ಕಟ್ಟುವುದು ಅವನದು. "ವಾರದ ರೊಕ್ಕಾ ತಂದು ನನ್ನ ಕೈಯಾಗ ಇಡ್ತಾನ್ರೀ ಅಕ್ಕಾರ" ಎಂದು ಅವನ ತಾಯಿ ಹೇಳುವಾಗ ಅವಳ ದನಿ ಕೇಳಬೇಕು. ಕೆಲಸ ಮಾಡಲಾರ ಎಂದು ನಾವು ಎಷ್ಟು ಬೇಗ ತೀರ್ಮಾನಿಸುತ್ತೇವೆ ಎನ್ನುವುದನ್ನು ಆ ಚೌಕಟ್ಟು ಹೇಳುತ್ತದೆ.

ಇನ್ನೊಬ್ಬಳು ಸೆರೆಬ್ರಲ್ ಪಾಲ್ಸಿಯ ಹುಡುಗಿ. ಹಾಸಿಗೆ ಬಿಟ್ಟು ಏಳಲಾರಳು, ಮಾತಿಲ್ಲ. ಅವಳನ್ನು ಕಾಯಕದ ಕೋಲಿನಿಂದ ಅಳೆದರೆ ಶರಣರ ಹೆಸರಿನಲ್ಲೇ ಪಾಪ ಮಾಡಿದಂತೆ. ಅಲ್ಲಿ ದಾಸೋಹದ ಅರ್ಥ ತೆರೆಯುತ್ತದೆ. ದಾಸೋಹದಲ್ಲಿ ಕೊಡುವವನು ಕೊಟ್ಟೆನೆಂದು ಎದೆ ಉಬ್ಬಿಸುವಂತಿಲ್ಲ. ತನ್ನದಲ್ಲದ್ದನ್ನು ಅದರ ಒಡೆಯರಿಗೆ ತಲುಪಿಸಿದೆನೆಂಬ ವಿನಯ ಮಾತ್ರ ಅಲ್ಲಿ ಸಲ್ಲುತ್ತದೆ. ಅವಳು ಉಣ್ಣುವುದು ಅವಳ ಪಾಲು. ಮಿತಾಕ್ಷರ ಬೇರೆ ಮಾಡಿದ ಅನ್ನ ಮತ್ತು ಪಾಲು ಇಲ್ಲಿ ಮತ್ತೆ ಒಂದಾಗುತ್ತವೆ. ಹಗಲಿರುಳು ಅವಳನ್ನು ನೋಡಿಕೊಳ್ಳುವ ತಾಯಿಯದು ಯಾವ ಪಟ್ಟಿಯಲ್ಲೂ ಬರೆಯದ ದೊಡ್ಡ ಕಾಯಕ. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾರದವರಿಗೆ ಗೌರವದ ಪಾಲು, ಎರಡೂ ಒಂದೇ ಧರ್ಮದಿಂದ ಹುಟ್ಟಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯಬಾರದು.

ಕಾನೂನು ಸಾಕಷ್ಟು ದೂರ ಬಂದಿದೆ. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಸರ್ಕಾರಿ ನೇಮಕಾತಿಯ ಮೀಸಲನ್ನು ಶೇ 4ಕ್ಕೆ ಏರಿಸಿತು. ದೇಹಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಸರ್ಕಾರಿ ಕಚೇರಿಗಳ ಹೊಣೆಯೆಂದು ಬರೆಯಿತು. ಬಡ್ತಿಯಲ್ಲೂ ಮೀಸಲು ಸಲ್ಲಬೇಕೆಂಬುದನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ: ಸಿದ್ದರಾಜು ವಿರುದ್ಧ ಕರ್ನಾಟಕ ಸರ್ಕಾರ. ಆದರೆ 2011ರ ಜನಗಣತಿಯಂತೆ ದೇಶದ 2.68 ಕೋಟಿ ಅಂಗವಿಕಲರಲ್ಲಿ ದುಡಿಮೆಯಲ್ಲಿದ್ದವರು ಶೇ 36ರಷ್ಟು ಮಾತ್ರ. ಹೆಣ್ಣುಮಕ್ಕಳಲ್ಲಿ ಶೇ 23. ಖಾಸಗಿಯವರಿಗೆ ಆ ಕಾಯಿದೆ ಶೇ 5ರ ಗುರಿ ತೋರಿಸಿ ಉತ್ತೇಜನದ ಮಾತಾಡುತ್ತದೆ, ಕಟ್ಟುಪಾಡು ಹಾಕುವುದಿಲ್ಲ. ಕಟ್ಟುಪಾಡಿಲ್ಲದ ಆ ಜಾಗದಲ್ಲೇ ಧರ್ಮದ ಪರೀಕ್ಷೆ ನಡೆಯುತ್ತದೆ.

ಅದಕ್ಕೇ ನಾನು ಕೇಳುವುದು ಮೊದಲು ನಮ್ಮ ಮಠಗಳನ್ನು. ಕಾಯಕವನ್ನು ಜಗತ್ತಿಗೆ ಸಾರಿದವರು ಎಂದು ವೇದಿಕೆಯ ಮೇಲೆ ಹೇಳಿಕೊಳ್ಳುವ ನೀವು ಶಾಲೆ, ಕಾಲೇಜು, ಆಸ್ಪತ್ರೆ, ಮುದ್ರಣಾಲಯ, ಪ್ರಸಾದನಿಲಯ ನಡೆಸುತ್ತಿದ್ದೀರಿ. ನಿಮ್ಮ ಹಾಜರಿ ಪುಸ್ತಕದಲ್ಲಿ ನಮ್ಮವರೆಷ್ಟು ಜನ? ದಾಸೋಹದ ಪಂಕ್ತಿಯಲ್ಲಿ ನಮಗೆ ಮೊದಲ ಎಲೆ ಹಾಕುತ್ತೀರಿ, ಆ ಪ್ರೀತಿಗೆ ಋಣಿಯಾಗಿದ್ದೇನೆ. ಇನ್ನು ಲೆಕ್ಕಪತ್ರ ಬರೆಯಲು, ಪಾಠ ಹೇಳಲು, ಗ್ರಂಥಾಲಯ ನೋಡಲು, ಹಿಟ್ಟು ನಾದಲು ನಮ್ಮನ್ನು ಕರೆಯಿರಿ. ಬಾಗಿಲಿಗೊಂದು ಇಳಿಜಾರು ಮಾಡಿಸಿ, ಕಂಪ್ಯೂಟರಿಗೊಂದು ಎನ್‌ವಿಡಿಎ ಹಾಕಿಸಿ, ತಿಂಗಳ ಕೊನೆಗೆ ಇತರರಿಗೆ ಕೊಡುವಷ್ಟೇ ಸಂಬಳ ಕೊಡಿ. ತಂದೆತಾಯಿಯರೇ, ಮಗಳಿಗೆ ಮಾಸಾಶನ ಮಾಡಿಸಿದ ಹುರುಪಿನಲ್ಲೇ ಅವಳನ್ನು ಕಾಲೇಜಿಗೆ ಹಾಕಿಸಿರಿ. ಅಂಗಡಿ, ಕಾರ್ಖಾನೆಗಳ ಯಜಮಾನರೇ, ಇವನಿಂದ ಏನಾಗುವುದಿಲ್ಲ ಎಂದು ನೋಡುವ ಮೊದಲು ಯಾವ ಚೌಕಟ್ಟು ಮಾಡಿಸಿದರೆ ಆಗುತ್ತದೆ ಎಂದು ಬಡಗಿಯನ್ನು ಕೇಳಿರಿ. ಕೊಡುವ ಪುಣ್ಯವನ್ನು ಇಷ್ಟು ಕಾಲ ನೀವೊಬ್ಬರೇ ಇಟ್ಟುಕೊಂಡಿದ್ದೀರಿ. ಅದರಲ್ಲಿ ನಮಗೂ ಪಾಲಿದೆ, ಮತ್ತು ಅದು ನಮ್ಮ ಕೈಗೆ ಬರುವ ದಾರಿ ಕೆಲಸವೊಂದೇ.